ಹೊಸ ಬಂದೂಕಿಗೆ ಜಂಗು ಹತ್ತಿದರೆ: ಒರೆಸೂದೋ, ತಿಕ್ಕೂದೋ, ಕುದಿಸೂದೋ?

ನಮ್ಮ ಊರು ಕಲಘಟಗಿ ತಾಲ್ಲೂಕಿನ ಕಾಡಂಚಿನಲ್ಲಿದೆ. ಗೋವಿನಜೋಳ ಹಾಲುಗಾಳು ಕಟ್ಟುವ ಹೊತ್ತಿಗೆ ರಾತ್ರಿ ಹಂದಿಯ ಹಿಂಡು ಹೊಲಕ್ಕಿಳಿಯುತ್ತದೆ. ಬೆಳಿಗ್ಗೆ ಹೋಗಿ ನೋಡಿದರೆ ರೋಣಗಲ್ಲು ಉರುಳಿಸಿದ ಹಾಗೆ ಬೆಳೆ ನೆಲಕ್ಕೆ ಮಲಗಿರುತ್ತದೆ. ಹಂದಿಗೆ ಗುರಿಯಿಡಲು ಕಾನೂನು ಸುಮ್ಮನೆ ಬಿಡುವುದಿಲ್ಲ, ನಮಗೆ ಬಂದೂಕೆಂದರೆ ಹೆಚ್ಚಾಗಿ ಸದ್ದು ಮಾಡಿ ಓಡಿಸುವ ಸಾಮಾನು. ಲೈಸೆನ್ಸ್ ಕೈಗೆ ಬಂದ ಮೇಲೆ ನಾನು ಕೊಂಡದ್ದು 12 ಬೋರಿನ ಜೋಡು ನಳಿಗೆ, ಒಂದು ಕೈ ದಾಟಿ ಬಂದದ್ದು. ಅಂಗಡಿಯ ಟ್ಯೂಬ್‌ಲೈಟಿನಡಿ ಕಾಡಿಗೆ ಹಚ್ಚಿದ ಹಾಗೆ ಮಿಂಚುತ್ತಿತ್ತು. ಮನೆಗೆ ತಂದು ಪಡಸಾಲೆಯ ಬೆಳಕಿನಲ್ಲಿ ಗ್ರೀಸ್ ಒರೆಸಿದಾಗ ಬಲಗಡೆಯ ನಳಿಗೆಯ ಮೇಲೆ ಗೇಣುದ್ದ ಕಂದು ಚುಕ್ಕೆ, ಯಾರೋ ಖಾರದ ಪುಡಿ ಚಿಮುಕಿಸಿದ ಹಾಗೆ.

ಆಮೇಲೆ ಸಲಹೆಗಳ ಸಂತೆ. ಕಾಕಾ ಅಂದರು, "ಏ ತಮ್ಮಾ, ಎಮರಿ ಪೇಪರ್ ತಗೊಂಡು ನಾಕ ಸಲ ಎಳಿ, ಫಳಫಳ ಅಂತೈತಿ." ಪಕ್ಕದ ಮನೆಯಿಂದ ನಿಂಬೆಹಣ್ಣು ಬಂತು. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಲೇತ್ ನಡೆಸುವ ಗೆಳೆಯ, ಬಫಿಂಗ್ ಚಕ್ರಕ್ಕೆ, ಅಂದರೆ ತಿರುಗುವ ಪಾಲಿಶ್ ಚಕ್ರಕ್ಕೆ, ಹಿಡಿದರೆ ಐದೇ ನಿಮಿಷ ಎಂದ. ಈ ಮೂರರಲ್ಲಿ ಒಂದನ್ನು ನಾನು ಮಾಡಿಯೂ ನೋಡಿದೆ, ಅದನ್ನು ಮುಂದೆ ಹೇಳುತ್ತೇನೆ. ಅಂದಿನಿಂದ ನನ್ನದೂ, ಊರಿನ ಇನ್ನೆರಡು ಮನೆಯವೂ ಸೇರಿ ಮೂರು ಬಂದೂಕುಗಳ ಜಂಗಿನ ಜೊತೆ ಗುದ್ದಾಡಿದ್ದೇನೆ. ಯಾವ ದಾರಿ ಯಾವ ತುಕ್ಕಿಗೆ ಎಂಬುದನ್ನು ಈಗ ಹೇಳಬಲ್ಲೆ.

ಎಲ್ಲಕ್ಕೂ ಮೊದಲು ನಳಿಗೆಯನ್ನು ಕೀಲಿನಲ್ಲಿ ಬಗ್ಗಿಸಿ ತೆರೆದು, ಕಾಡತೂಸು ಕೂರುವ ಎರಡೂ ಗೂಡು ಖಾಲಿ ಇವೆಯೇ ಎಂದು ಕಣ್ಣಿನಿಂದ ನೋಡಿ, ಬೆರಳು ಹಾಕಿಯೂ ನೋಡಿ. ಕಾಡತೂಸಿನ ಡಬ್ಬಿ ಬೇರೆ ಕೋಣೆಯಲ್ಲಿರಲಿ.

ತುಕ್ಕು ಎಷ್ಟು ಆಳ?

ಯಾವ ದಾರಿ ಎಂದು ತೀರ್ಮಾನಿಸುವುದು ನೀವಲ್ಲ, ತುಕ್ಕಿನ ಆಳ. ಬಿಳಿ ಹತ್ತಿ ಬಟ್ಟೆಗೆ ನಾಲ್ಕು ಹನಿ ತೆಳು ಎಣ್ಣೆ ಹಾಕಿ ಚುಕ್ಕೆಯ ಮೇಲೆ ಎಳೆಯಿರಿ. ಬಟ್ಟೆಗೆ ಕೆಂಗಂದು ಬಂದು ನಳಿಗೆಯಲ್ಲಿ ಕಪ್ಪು ಕಾಣಿಸಿದರೆ ತುಕ್ಕು ಬರೀ ಮೇಲೆ ಕೂತಿದೆ. ಚುಕ್ಕೆ ಉಳಿದರೆ ಹೆಬ್ಬೆರಳ ಉಗುರನ್ನು ಅದರ ಮೇಲೆ ಅಡ್ಡ ಎಳೆಯಿರಿ. ಉಗುರು ಜಾರಿದರೆ ಇನ್ನೂ ಮೇಲ್ಪದರದ್ದೇ. ಉಗುರು ತಡವರಿಸಿ ನಿಂತರೆ ಕುಳಿ ಬಿದ್ದಿದೆ. ಕುಳಿಯೆಂದರೆ ಕಬ್ಬಿಣವೇ ಹೋಗಿರುವುದು, ಅದನ್ನು ಯಾವ ಎಣ್ಣೆಯೂ ತುಂಬಿಕೊಡುವುದಿಲ್ಲ.

ಇನ್ನೊಂದು ಮಾತು ತಿಳಿದಿದ್ದರೆ ಮುಂದಿನದೆಲ್ಲ ಸಲೀಸು. ನಳಿಗೆಯ ಮೇಲಿನ ಕಪ್ಪು-ನೀಲಿ, ಅಂದರೆ ಬ್ಲೂಯಿಂಗ್, ಬಳಿದ ಬಣ್ಣವಲ್ಲ. ಅದೂ ಒಂದು ಜಾತಿಯ ತುಕ್ಕೇ. ಕೆಂಪು ತುಕ್ಕು ನೀರು ಕುಡಿದ ಕಬ್ಬಿಣದ ಆಕ್ಸೈಡು. ಅದು ಪುಡಿಪುಡಿ, ಉಬ್ಬುತ್ತದೆ, ತೇವ ಹಿಡಿದಿಟ್ಟುಕೊಂಡು ಕೆಳಗಿನ ಲೋಹವನ್ನು ಮತ್ತೂ ತಿನ್ನುತ್ತದೆ. ಕಪ್ಪಿನದು ಮ್ಯಾಗ್ನಟೈಟ್, ಲೋಹಕ್ಕೆ ಬಿಗಿಯಾಗಿ ಅಂಟಿಕೊಂಡು ಎಣ್ಣೆಯನ್ನು ಹಿಡಿದಿಡುತ್ತದೆ. ಆದರೆ ಅದರ ದಪ್ಪ ಹೆಚ್ಚೆಂದರೆ ಒಂದೆರಡು ಮೈಕ್ರಾನ್, ತಲೆಗೂದಲಿನ ಮುಂದೆ ಏನೇನೂ ಅಲ್ಲ. ಹಾಗಾಗಿ ಕೆಂಪು ಹೋಗಬೇಕು, ಕಪ್ಪು ಉಳಿಯಬೇಕು. ಪ್ರತಿ ದಾರಿಯನ್ನೂ ನಾನು ಇದೇ ತಕ್ಕಡಿಯಲ್ಲಿ ತೂಗಿದ್ದೇನೆ.

ಎಣ್ಣೆ ಮತ್ತು ಬಟ್ಟೆ

ಎಲ್ಲರೂ ನಕ್ಕು ಬಿಟ್ಟುಬಿಡುವ ದಾರಿ ಇದು, ನನ್ನ ಲೆಕ್ಕದಲ್ಲಿ ಇದಕ್ಕೇ ಮೊದಲ ಸ್ಥಾನ. ಎಣ್ಣೆ ಹಚ್ಚಿ ರಾತ್ರಿಯಿಡೀ ಬಿಡಬೇಕು. ಎಣ್ಣೆ ತುಕ್ಕಿನ ಕೆಳಗೆ ನುಸುಳಿ ಅದರ ಹಿಡಿತ ಸಡಿಲಿಸುತ್ತದೆ. ಬೆಳಿಗ್ಗೆ ಒರಟು ಬಟ್ಟೆಯಿಂದ, ಹಳೇ ಖಾದಿ ಟವೆಲ್ಲಾದರೆ ಇನ್ನೂ ಒಳ್ಳೆಯದು, ನಳಿಗೆಯ ಉದ್ದಕ್ಕೆ ತಿಕ್ಕಿ. ಮತ್ತೆ ಎಣ್ಣೆ, ಮತ್ತೊಂದು ರಾತ್ರಿ. ಮೂರ್ನಾಲ್ಕು ದಿನದಲ್ಲಿ ಚುಕ್ಕೆ ಅರ್ಧಕ್ಕರ್ಧ ಕರಗುತ್ತವೆ. ಕಪ್ಪಿಗೆ ಕೂದಲೆಳೆಯಷ್ಟೂ ಪೆಟ್ಟಿಲ್ಲ. ಕೊರತೆ ಎಂದರೆ ತಾಳ್ಮೆ ಬೇಡುತ್ತದೆ, ಗಟ್ಟಿಯಾಗಿ ಕೂತ ಚುಕ್ಕೆಗೆ ಸಾಲುವುದಿಲ್ಲ.

ಯಾವ ಎಣ್ಣೆ ಎಂಬುದು ನಮ್ಮ ಕಡೆ ದೊಡ್ಡ ಗೊಂದಲ. ಮನೆಯಲ್ಲಿ ಇರುವುದನ್ನೇ ಹಚ್ಚುವ ರೂಢಿ. ಕುಸುಬಿ ಎಣ್ಣೆ ಹಚ್ಚಿದ ಒಂದು ಬಂದೂಕನ್ನು ಗದಗ ಕಡೆಯ ನೆಂಟರ ಮನೆಯಲ್ಲಿ ನೋಡಿದೆ. ಕೀಲಿನ ಹತ್ತಿರ ಜೋನಿಬೆಲ್ಲದ ಹಾಗೆ ಅಂಟಂಟು, ತೆರೆಯಲು ಮೊಣಕಾಲು ಕೊಡಬೇಕಾಯಿತು. ಕುಸುಬಿ, ಅಗಸಿ ಎರಡೂ ಗಾಳಿಗೆ ಒಣಗಿ ಪೊರೆಗಟ್ಟುವ ಎಣ್ಣೆಗಳು. ಅಗಸಿ ಎಣ್ಣೆ ಕಟ್ಟಿಗೆಯ ಹಿಡಿಗೆ ಬಂಗಾರದಂಥದ್ದು, ಆ ಪೊರೆಗಟ್ಟುವ ಗುಣದಿಂದಲೇ. ಕಬ್ಬಿಣದ ಕೀಲಿಗೆ ಅದೇ ಗುಣ ಶತ್ರು. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಧಾರವಾಡದ ಡಿಸೆಂಬರ್ ಬೆಳಗಿನಲ್ಲಿ ಬಾಟಲಿಯಿಂದ ಅದನ್ನು ಕಡ್ಡಿ ಹಾಕಿ ತೆಗೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೀಮೆಎಣ್ಣೆ ಜಿಡ್ಡು ತೆಗೆಯಲು ಸರಿ, ಆದರೆ ಆರಿಹೋಗಿ ಬರೀ ಲೋಹ ಬಿಡುತ್ತದೆ. ಟ್ರ್ಯಾಕ್ಟರಿನಿಂದ ಬಸಿದ ಹಳೇ ಆಯಿಲ್ ನೇಗಿಲಿಗೆ, ಕುಂಟೆಗೆ ಇರಲಿ. ಅದರಲ್ಲಿ ಸುಟ್ಟ ಇಂಧನದ ಆಮ್ಲವೂ ತೇವವೂ ಸೇರಿರುತ್ತವೆ.

ಡಬ್ಲ್ಯೂಡಿ-40 ಸ್ಪ್ರೇ ಬಗ್ಗೆ ಕೇಳುವವರೇ ಹೆಚ್ಚು. ಹೆಸರಲ್ಲೇ ಅದರ ಕೆಲಸ ಇದೆ: ವಾಟರ್ ಡಿಸ್‌ಪ್ಲೇಸ್‌ಮೆಂಟ್, ಅಂದರೆ ನೀರು ಸರಿಸುವುದು, ನಲವತ್ತನೇ ಪ್ರಯತ್ನದಲ್ಲಿ ಸಿಕ್ಕ ಸೂತ್ರ. 1953ರಲ್ಲಿ ಅಮೆರಿಕದಲ್ಲಿ ಕ್ಷಿಪಣಿಯ ಮೈಗೆ ತುಕ್ಕು ಹಿಡಿಯದಿರಲೆಂದು ಮಾಡಿದ್ದು. ಮಳೆಯಲ್ಲಿ ನೆನೆದ ಬಂದೂಕಿನಿಂದ ನೀರು ಓಡಿಸಲು, ತುಕ್ಕು ಸಡಿಲಿಸಲು ಚೆನ್ನಾಗಿದೆ. ಆದರೆ ಉಳಿಯುವ ಪೊರೆ ತೀರ ತೆಳುವು. ಅದನ್ನೇ ನಂಬಿ ಆಷಾಢ ದಾಟಿಸಲಾಗದು. ನಾನು ಮುಟ್ಟುವುದು ಹೊಲಿಗೆ ಮಷೀನಿನ ಎಣ್ಣೆ. ಟೇಲರ್ ಸಾಮಾನು ಮಾರುವ ಯಾವ ಅಂಗಡಿಯಲ್ಲೂ ಸಿಗುತ್ತದೆ, ತೆಳು ಖನಿಜ ಎಣ್ಣೆ, ಅಂಟಾಗುವುದಿಲ್ಲ. ಬಂದೂಕಿನದೇ ಎಣ್ಣೆ ಸಿಕ್ಕರೆ ಅದಕ್ಕಿಂತ ಮೇಲು.

ಎಣ್ಣೆ ಜೊತೆ ಸ್ಟೀಲ್ ವುಲ್, ಇಲ್ಲವೇ ತಾಮ್ರ

ಬಟ್ಟೆಗೆ ಬಗ್ಗದ ಚುಕ್ಕೆಗೆ ಇದು. ಸ್ಟೀಲ್ ವುಲ್ಲಿನಲ್ಲಿ ನಾಲ್ಕು ಸೊನ್ನೆಯದು, 0000 ಎಂದು ಪೊಟ್ಟಣದ ಮೇಲೆ ಬರೆದದ್ದೇ ಬೇಕು. ಮುಟ್ಟಿದರೆ ಹತ್ತಿಯಷ್ಟೇ ಮೆತ್ತಗಿರುತ್ತದೆ. ಪಾತ್ರೆ ತಿಕ್ಕುವ ಸುರುಳಿ ಸ್ಟೀಲ್ ನಾರು ಅಲ್ಲ. ಅದನ್ನು ಆಡಿಸಿದರೆ ನಳಿಗೆಯ ಮೇಲೆ ಕುಂಟೆ ಹೊಡೆದ ಹಾಗೆ ಗೆರೆ. ಪೇಂಟ್ ಮತ್ತು ಪಾಲಿಶ್ ಸಾಮಾನಿನ ಅಂಗಡಿಯಲ್ಲಿ ಕೇಳಿ, ಪೀಠೋಪಕರಣದ ಪಾಲಿಶಿಗೆ ಇದನ್ನು ಬಳಸುವವರಿದ್ದಾರೆ. ಚೂರು ಚಿವುಟಿ ಎಣ್ಣೆಯಲ್ಲಿ ಅದ್ದಿ, ಮಗುವಿನ ಕೆನ್ನೆ ಒರೆಸುವಷ್ಟೇ ಒತ್ತಡದಲ್ಲಿ ಆಡಿಸಬೇಕು. ಎಣ್ಣೆ ಕಂದಾಯಿತೆಂದರೆ ಒರೆಸಿ, ಹೊಸ ಎಣ್ಣೆ ಹಾಕಿ, ಹೊಸ ಚೂರು ಹಿಡಿಯಿರಿ. ಕೊಳೆ ಎಣ್ಣೆಯಲ್ಲೇ ತಿಕ್ಕುತ್ತ ಕೂತರೆ ಬಿದ್ದ ತುಕ್ಕೇ ಉಸುಕಿನ ಹಾಗೆ ಕೆರೆಯುತ್ತದೆ. ಮೊದಲ ಪ್ರಯೋಗ ನಳಿಗೆಯ ಕೆಳಗೆ ಕೈ ಹಿಡಿಯುವ ಮುಂಗೈ ಕಟ್ಟಿಗೆಯ ಅಡಿ, ಜೋಡಿಸಿದಾಗ ಕಾಣದ ಜಾಗದಲ್ಲಿರಲಿ. ಹಳೆಯ ಬ್ಲೂಯಿಂಗ್ ಕೆಲವು ಬಂದೂಕಿನಲ್ಲಿ ಎಷ್ಟು ಸವೆದಿರುತ್ತದೆಂದರೆ ಇದಕ್ಕೂ ಎದ್ದುಬರುತ್ತದೆ.

ಒಂದೊಂದೇ ಗಟ್ಟಿ ಹರಳು ಕೂತಿದ್ದರೆ ನನಗೆ ತಾಮ್ರವೇ ಇಷ್ಟ. ತಾಮ್ರ, ಕಂಚು ಉಕ್ಕಿಗಿಂತ ಮೆದು, ತುಕ್ಕಿನ ಹರಳನ್ನು ಎಬ್ಬಿಸುತ್ತವೆ, ಉಕ್ಕಿಗೆ ಗೀರು ಹಾಕುವುದಿಲ್ಲ. ಅಜ್ಜಿಯ ಗಂಟಿನಲ್ಲಿ 1957ರ ಕಂಚಿನ ಒಂದು ನಯಾ ಪೈಸೆ ಸಿಕ್ಕಿತ್ತು, ಅದರ ಅಂಚೇ ನನ್ನ ಹತಾರ. ಈಗಿನ ನಾಣ್ಯ ಹಿಡಿಯಬೇಡಿ, ಅವುಗಳಲ್ಲಿ ಸ್ಟೇನ್‌ಲೆಸ್ ಸ್ಟೀಲಿನವೇ ಬಹಳ. ಪೈಸೆ ಇಲ್ಲದವರು ಪಂಪ್‌ಸೆಟ್ ಮೋಟರ್ ರಿವೈಂಡ್ ಮಾಡುವವರ ಹತ್ತಿರ ದಪ್ಪ ತಾಮ್ರದ ತಂತಿಯ ತುಂಡು ಇಸಿದುಕೊಂಡು, ಸುತ್ತಿಗೆಯಿಂದ ತುದಿ ಚಪ್ಪಟೆ ಮಾಡಿಕೊಳ್ಳಬಹುದು. ಎಣ್ಣೆ ಹಚ್ಚಿ, ತುದಿಯನ್ನು ಮಲಗಿಸಿ ಕೆರೆಯಿರಿ. ಹರಳು ಟಕ್ಕೆಂದು ಹಾರಿದ ಮೇಲೆ ಅಲ್ಲಿ ಸಾಸಿವೆಯಷ್ಟು ಬೂದು ಚುಕ್ಕೆ ಕಾಣುತ್ತದೆ. ಅದು ಹಾಗೇ ಇರಲಿ, ಎಣ್ಣೆ ಹಿಡಿದು ಕೂತರೆ ಸಾಕು. ಅದನ್ನೂ ಕಪ್ಪು ಮಾಡಲು ಹೊರಟಲ್ಲಿಂದಲೇ ಜನ ಕೆಡುವುದು.

ನಳಿಗೆಯ ಒಳಗಿಗೆ ಕಂಚಿನ ಬ್ರಷ್, ಎಣ್ಣೆ, ಆಮೇಲೆ ಬಟ್ಟೆ, ಅಷ್ಟೇ. ಆಕಾಶದ ಬೆಳಕಿಗೆ ಹಿಡಿದು ನೋಡಿದಾಗ ಒಳಗೆ ಕಪ್ಪು ಕುಳಿಗಳು ಕಂಡರೆ ಕಾಡತೂಸು ತುಂಬುವ ಮೊದಲು ತಿಳಿದವರಿಗೆ ತೋರಿಸಿ. ಮದ್ದು ಜಡಿಯುವ ಹಳೇ ನಾಡ ಬಂದೂಕಿನ ಕತೆ ಬೇರೆ. ಕರಿಮದ್ದಿನ ಕಿಟ್ಟ ತೇವ ಎಳೆಯುತ್ತದೆ, ಎಣ್ಣೆಗೆ ಕರಗುವುದಿಲ್ಲ. ಅದಕ್ಕೆ ಬಿಸಿನೀರೇ ಬೇಕು, ತೊಳೆದ ಕೂಡಲೇ ಒಣಗಿಸಿ ಎಣ್ಣೆ.

ಹುಳಿ ದಾರಿಗಳು

ನಾನು ಮಾಡಿ ನೋಡಿದ್ದು ನಿಂಬೆಹಣ್ಣು. ದೇವರ ದೀಪದ ಸಮೆಗೆ ಹುಣಸೆಹಣ್ಣು, ತಾಮ್ರದ ಹಂಡೆಗೆ ನಿಂಬೆ, ಇವನ್ನು ನೋಡಿ ಬೆಳೆದವನಿಗೆ ಕಬ್ಬಿಣಕ್ಕೂ ಅದೇ ಎಂದು ಅನಿಸಿತು. ಅರ್ಧ ಹೋಳು ಹಿಂಡಿ ಅಂಗೈಯಗಲ ಜಾಗಕ್ಕೆ ಹಚ್ಚಿ, ಒಳಗೆ ಹೋಗಿ ಚಹಾ ಕುಡಿದು ಬಂದೆ. ತುಕ್ಕು ಹೋಗಿತ್ತು, ಅದರ ಜೊತೆ ಕಪ್ಪೂ ಹೋಗಿತ್ತು. ನಳಿಗೆಯ ಮೇಲೆ ಬೆಳ್ಳಿಯ ತೇಪೆ. ತೊಳೆದು ಒರೆಸಿಟ್ಟೆ, ಎಣ್ಣೆ ಹಚ್ಚಲು ಮರೆತೆ. ಮರುದಿನ ಬೆಳಿಗ್ಗೆ ಆ ತೇಪೆಯೆಲ್ಲ ಕಿತ್ತಳೆ ಬಣ್ಣ.

ಆಮ್ಲಕ್ಕೆ ಕೆಂಪು ಆಕ್ಸೈಡು ಬೇರೆ, ಕಪ್ಪು ಆಕ್ಸೈಡು ಬೇರೆ ಎಂಬ ಭೇದವಿಲ್ಲ. ನಿಂಬೆ, ಹುಣಸೆ, ವಿನೆಗರ್, ಫಾಸ್ಫಾರಿಕ್ ಆಮ್ಲ ಇರುವ ತಂಪು ಪಾನೀಯ, ಹಾರ್ಡ್‌ವೇರ್ ಅಂಗಡಿಯ ರಸ್ಟ್ ರಿಮೂವರ್, ಎಲ್ಲಕ್ಕೂ ಈ ಮಾತು ಸಲ್ಲುತ್ತದೆ. ಬ್ಲೂಯಿಂಗ್ ಪೂರ್ತಿ ತೆಗೆದು ಹೊಸದಾಗಿ ಹಾಕಿಸುವ ತೀರ್ಮಾನ ಆಗಿದ್ದರೆ ಮಾತ್ರ ಇವುಗಳ ಪಾಳಿ. ಟಾಯ್ಲೆಟ್ ತೊಳೆಯುವ ಆಸಿಡ್ಡಂತೂ ಬಾಗಿಲ ಹೊರಗಿರಲಿ. ಅದು ಹೈಡ್ರೋಕ್ಲೋರಿಕ್, ಅದರ ಹೊಗೆಯೇ ಅದೇ ಕೋಣೆಯ ಕುಡಗೋಲು, ಕೊಡಲಿಗಳಿಗೂ ತುಕ್ಕು ಹತ್ತಿಸುತ್ತದೆ.

ಕುದಿಸುವುದು

ಇದನ್ನು ಮೊದಲು ಕೇಳಿದಾಗ ತಮಾಷೆ ಎಂದುಕೊಂಡಿದ್ದೆ. ಲೈಸೆನ್ಸ್ ಇರುವ ಒಬ್ಬ ಮುದುಕ ರಿಪೇರಿಯವರು ಹೇಳಿದ್ದು: "ನೀರಾಗ ಕುದಸ್ರೀ ಸಾಹೇಬ್ರ, ಕೆಂಪು ಇದ್ದದ್ದು ತಾನ ಕರ್ರಗ ಆಗತೈತಿ." ನಿಜವೇ. ಕುದಿಯುವ ನೀರಿನಲ್ಲಿ ಕೆಂಪು ತುಕ್ಕು ಮ್ಯಾಗ್ನಟೈಟಿಗೆ ತಿರುಗುತ್ತದೆ. ಹಳೆಯ ಕಾಲದ ರಸ್ಟ್ ಬ್ಲೂಯಿಂಗ್ ಎಂಬುದು ಇದೇ ಕೆಲಸ: ಬೇಕೆಂದೇ ತೆಳುವಾಗಿ ತುಕ್ಕು ಹತ್ತಿಸುವುದು, ಕುದಿಸುವುದು, ಉದುರುವುದನ್ನು ಬ್ರಷ್‌ನಿಂದ ತೆಗೆಯುವುದು, ಮತ್ತೆ ಹತ್ತಿಸುವುದು. ನನ್ನ ನಿಂಬೆಹಣ್ಣಿನ ತೇಪೆ ವಾಸಿಯಾಗಿದ್ದೂ ಹೀಗೆಯೇ. ಬಂದಿದ್ದ ಕಿತ್ತಳೆಯೇ ಬಂಡವಾಳವಾಯಿತು.

ಆದರೆ ತಾಪತ್ರಯ ಬಹಳ. ಕಟ್ಟಿಗೆ, ಬಂದೂಕಿನ ಕುದುರೆ, ಸ್ಪ್ರಿಂಗು ಯಾವುದೂ ನೀರಿಗೆ ಹೋಗಕೂಡದು, ಬಿಡಿಸಿದ ನಳಿಗೆ ಮಾತ್ರ. ಜೋಡು ನಳಿಗೆ 28ರಿಂದ 30 ಇಂಚು, ನೀರೊಲೆಯ ಹಂಡೆಯಲ್ಲಿ ಮುಳುಗುವುದಿಲ್ಲ. ತಗಡಿನವರ ಹತ್ತಿರ ಉದ್ದ ದೋಣಿ ಮಾಡಿಸಿಕೊಂಡು ಎರಡು ಒಲೆಯ ಮೇಲೆ ಇಟ್ಟೆವು. ಬೋರ್‌ವೆಲ್ ನೀರು ಬೇಡ. ನವಲಗುಂದ, ರೋಣದ ಕಡೆಯ ಸವುಳು ನೀರಾದರಂತೂ ಉಪ್ಪನ್ನು ಕೈಯಾರೆ ಹಚ್ಚಿದ ಹಾಗೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರೇ ಆಗಬೇಕು, ಕ್ಯಾನುಗಟ್ಟಲೆ. ಜಿಡ್ಡು ಒಂದಿನಿತೂ ಇರಬಾರದು, ಬರಿ ಬೆರಳು ಮುಟ್ಟಿದರೆ ಅಲ್ಲೇ ಕಲೆ. ಹದಿನೈದಿಪ್ಪತ್ತು ನಿಮಿಷ ಕುದಿಸಿ ಎತ್ತಿದಾಗ ನಳಿಗೆಯ ಮೇಲೆ ಕಪ್ಪು ಮಖಮಲ್ಲಿನಂಥ ಧೂಳು. ಜಿಡ್ಡಿಲ್ಲದ 0000 ವುಲ್ಲಿನಿಂದ ಅದನ್ನು ಉದುರಿಸಿ ಎಣ್ಣೆ ಹಚ್ಚಬೇಕು. ಎರಡು ನಳಿಗೆಗಳ ನಡುವಿನ ಪಟ್ಟಿಯ ಕೆಳಗೆ ನೀರು ಹೊಕ್ಕು ಉಳಿದರೆ ಒಳಗಿನಿಂದ ತಿನ್ನುತ್ತದೆ, ಕಣ್ಣಿಗೂ ಬೀಳುವುದಿಲ್ಲ. ಒಂಟಿ ನಳಿಗೆಯವರಿಗೆ ಈ ಭಯವಿಲ್ಲ. ಜೋಡು ನಳಿಗೆಯವರು ಈ ಕೆಲಸವನ್ನು ರಿಪೇರಿಯವರಿಗೇ ಬಿಡುವುದು ವಾಸಿ ಎಂದು ಒಂದು ಸಲ ಮಾಡಿದ ಮೇಲೆ ನನಗೆ ಅನಿಸಿದೆ.

ಎಮರಿ ಪೇಪರು, ಬಫಿಂಗು

ಕಾಕಾನ ದಾರಿ ಬೇಡ ಎನ್ನಲು ಬ್ಲೂಯಿಂಗ್ ಹೋಗುತ್ತದೆ ಎಂಬುದೊಂದೇ ಕಾರಣವಲ್ಲ. ಬಂದೂಕಿನ ಮೈಮೇಲೆ ತಯಾರಕರ ಹೆಸರು, ನಂಬರು, ಪರೀಕ್ಷೆಯ ಮುದ್ರೆ ಇರುತ್ತವೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 8ನೇ ಕಲಂ ಪ್ರಕಾರ ಆ ಗುರುತುಗಳನ್ನು ಅಳಿಸುವುದು, ತೆಗೆಯುವುದು, ಬದಲಿಸುವುದು ಅಪರಾಧ. ತುಕ್ಕು ತೆಗೆಯಲು ಹೋಗಿ ನಂಬರಿನ ಒಂದು ಅಂಕಿ ಸವೆಸಿಕೊಂಡು, ಲೈಸೆನ್ಸ್ ನವೀಕರಣದ ದಿನ ಕಚೇರಿಯಲ್ಲಿ ಕೈಕಟ್ಟಿ ನಿಲ್ಲುವುದು ಯಾರಿಗೆ ಬೇಕು? ಲೇತ್ ಗೆಳೆಯನ ದಾರಿಗೂ ಅಡ್ಡಿ ಇದೆ. ಅದೇ ಕಾಯ್ದೆಯ 5ನೇ ಕಲಂ ಪ್ರಕಾರ ಬಂದೂಕು ರಿಪೇರಿ ಮಾಡುವವರಿಗೂ ಲೈಸೆನ್ಸ್ ಬೇಕು. ಅವನ ಕೈ ಎಷ್ಟು ನುರಿತದ್ದಾದರೂ ಈ ಕೆಲಸ ಅವನದಲ್ಲ.

ರಿಪೇರಿಯವರ ಹತ್ತಿರ

ಉಗುರು ತಡೆಯುವ ಕುಳಿ, ನಳಿಗೆಯ ಒಳಗಿನ ಕುಳಿ, ಅಂಗೈಗಿಂತ ದೊಡ್ಡ ಬೆಳ್ಳಿ ತೇಪೆ, ಈ ಮೂರರಲ್ಲಿ ಒಂದಿದ್ದರೂ ಲೈಸೆನ್ಸ್ ಪುಸ್ತಕ ಜೊತೆಗಿಟ್ಟುಕೊಂಡು ಲೈಸೆನ್ಸ್ ಇರುವ ರಿಪೇರಿಯವರಲ್ಲಿಗೆ ಹೋಗಿ. ಹೊಸ ಬ್ಲೂಯಿಂಗ್ ಮಾಡಿಸುವುದಾದರೆ ಒಂದು ಪ್ರಶ್ನೆ ಕೇಳಲೇಬೇಕು: ಬಿಸಿ ಕಾಸ್ಟಿಕ್ ತೊಟ್ಟಿಯೋ, ರಸ್ಟ್ ಬ್ಲೂಯಿಂಗೋ? ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟಿನ ದ್ರಾವಣ 140 ಡಿಗ್ರಿ ಸುತ್ತಮುತ್ತ ಕುದಿಯುತ್ತದೆ. ಒಂಟಿ ನಳಿಗೆಗೆ, ರೈಫಲಿಗೆ ಅದು ಅಗ್ಗ ಮತ್ತು ಬೇಗ. ಆದರೆ ಜೋಡು ನಳಿಗೆಗಳಲ್ಲಿ ಬಹಳಷ್ಟನ್ನು ತವರ-ಸೀಸದ ಬೆಸುಗೆಯಲ್ಲಿ ಕೂಡಿಸಿರುತ್ತಾರೆ, ಕಾಸ್ಟಿಕ್ ಆ ಬೆಸುಗೆಯನ್ನು ತಿನ್ನುತ್ತದೆ. ನಡುವಿನ ಪಟ್ಟಿ ಸಡಿಲಾಗಿ ಬಂದರೆ ತುಕ್ಕೇ ವಾಸಿ ಇತ್ತು ಅನಿಸುತ್ತದೆ. ಜೋಡು ನಳಿಗೆಗೆ ನಿಧಾನದ ರಸ್ಟ್ ಬ್ಲೂಯಿಂಗೇ ಸರಿ. ಕೇಳಿದ್ದಕ್ಕೆ ಸ್ಪಷ್ಟ ಉತ್ತರ ಕೊಡದ ಕಡೆ ಬಂದೂಕು ಬಿಟ್ಟು ಬರಬೇಡಿ.

ಇದಕ್ಕೂ ಮೊದಲಿನ ದಾರಿ ಒಂದಿದೆ, ನನಗೆ ತಡವಾಗಿ ಹೊಳೆದದ್ದು: ಅಂಗಡಿಯಲ್ಲೇ ನೋಡುವುದು. ಲೈಸೆನ್ಸಿನಲ್ಲಿ ನಂಬರು ಏರಿದ ಮೇಲೆ ವಾಪಸು ಎಂಬುದು ಪೇಟೆಯ ಬೇರೆ ಸಾಮಾನಿನಷ್ಟು ಸುಲಭವಲ್ಲ. ಕೊಳ್ಳುವ ಮುಂಚೆ ಗ್ರೀಸ್ ಒರೆಸಿಸಿ, ಬಾಗಿಲ ಬೆಳಕಿಗೆ ಹಿಡಿಸಿ, ಮುಂಗೈ ಕಟ್ಟಿಗೆ ತೆಗೆಸಿ ಅದರ ಅಡಿಯನ್ನೂ ನೋಡಿ. ಕಾರ್ಖಾನೆಯಿಂದ ಬಂದ ಹೊಚ್ಚಹೊಸದಾದರೂ ಬಿಡಬೇಡಿ. ಅಂಗಡಿಯಲ್ಲಿ ಹತ್ತು ಗಿರಾಕಿಗಳ ಬೆವರು ಕೈ ಅದರ ಮೇಲೆ ಆಡಿರುತ್ತದೆ, ಬೆವರಿನ ಉಪ್ಪಿಗೆ ಒಂದು ಮಳೆಗಾಲ ಸಾಕು. ಮೇಲ್ಪದರದ ತುಕ್ಕು ಕಂಡರೆ ಬೇಡವೆನ್ನುವ ಅಗತ್ಯವಿಲ್ಲ, ಬೆಲೆ ಇಳಿಸಿ ಕೇಳಿ. ಕುಳಿ ಕಂಡರೆ ಮಾತು ಮುಗಿಸಿ ಎದ್ದುಬನ್ನಿ.

ಮತ್ತೆ ಹತ್ತದಿರಲು

ತೊಗಲಿನ ಚೀಲ ನೋಡಲು ಚಂದ, ಆದರೆ ಹದ ಮಾಡಿದ ತೊಗಲು ತೇವವನ್ನೂ ಹದದ ಉಪ್ಪನ್ನೂ ಹಿಡಿದಿರುತ್ತದೆ. ಒಳಗೆ ಸ್ಪಂಜು ಇರುವ ರೆಕ್ಸಿನ್ ಚೀಲವೂ ಅಷ್ಟೇ. ಊರು ತಿರುಗಲು ಚೀಲ, ಮನೆಯಲ್ಲಿ ಬೀಗದ ಕಪಾಟಿನಲ್ಲಿ ಬರಿಮೈ.

ಪ್ಲಾಸ್ಟಿಕ್ಕಿನ ಪಾಠ ನನಗೆ 2024ರಲ್ಲಿ ಆಯಿತು. ಲೋಕಸಭೆ ಚುನಾವಣೆಯ ನೀತಿ ಸಂಹಿತೆ ಮಾರ್ಚ್ 16ಕ್ಕೆ ಬಂತು, ನಮ್ಮ ಕಡೆಯ ಮತದಾನ ಮೇ 7ಕ್ಕೆ, ಎಣಿಕೆ ಜೂನ್ 4ಕ್ಕೆ, ಅಷ್ಟು ದಿನ ನಮ್ಮ ಬಂದೂಕು ಠಾಣೆಯಲ್ಲಿ. ಹತಾರ ಒಪ್ಪಿಸುವುದಿಲ್ಲ ಎಂದು 1857ರಲ್ಲಿ ಹಲಗಲಿಯ ಬೇಡರು ಎದ್ದು ನಿಂತ ಸೀಮೆ ನಮ್ಮದು, ಆದರೂ ನಾವೆಲ್ಲ ಸಾಲಾಗಿ ನಿಂತು ಠಾಣೆಗೆ ಒಪ್ಪಿಸಿ ಚೀಟಿ ತಂದೆವು. ಧೂಳು ಕೂರದಿರಲಿ ಎಂದು ನಾನೇ ಬೆವರುಗೈಯಲ್ಲಿ ಪ್ಲಾಸ್ಟಿಕ್ ಸುತ್ತಿ ಟೇಪು ಹಚ್ಚಿದ್ದೆ. ವಾಪಸು ಸಿಕ್ಕಾಗ ಮೊದಲ ಮಳೆ ಬಿದ್ದಿತ್ತು, ಬಿಚ್ಚಿದರೆ ನನ್ನ ನಾಲ್ಕು ಬೆರಳಿನ ಗುರುತು ನಳಿಗೆಯ ಮೇಲೆ ಕೆಂಪಗೆ ಅಚ್ಚಾಗಿತ್ತು. ಠಾಣೆಯವರ ತಪ್ಪಲ್ಲ, ಸುತ್ತಿದವನದು. ಈಗ ಒಪ್ಪಿಸುವಾಗ ದಪ್ಪಗೆ ಎಣ್ಣೆ, ಮೇಲೆ ಹತ್ತಿ ಬಟ್ಟೆ, ಪ್ಲಾಸ್ಟಿಕ್ಕಿಲ್ಲ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಹದಿನೈದು ದಿನಕ್ಕೊಮ್ಮೆ ತೆಗೆದು ಒರೆಸುತ್ತೇನೆ. ಗದಗ ಕಡೆಯ ಒಣ ಹವೆಯವರಿಗೆ ತಿಂಗಳಿಗೊಮ್ಮೆ ಸಾಕಾದೀತು.

ಇಷ್ಟೆಲ್ಲ ಮಾಡಿಯೂ ಪ್ರತಿ ವರ್ಷ ಅಕ್ಟೋಬರಿನಲ್ಲಿ ಒಂದು ಹೊಸ ಚುಕ್ಕೆ ಬರುತ್ತಿತ್ತು, ಎಡ ನಳಿಗೆಯ ಅದೇ ಜಾಗದಲ್ಲಿ. ಕಾರಣ ಹೊಳೆಯಲು ಎರಡು ವರ್ಷ ಬೇಕಾಯಿತು. ಖಂಡೇನವಮಿ, ಅಂದರೆ ಆಯುಧಪೂಜೆ. ಅವ್ವ ನೀರಿನಲ್ಲಿ ಕಲೆಸಿದ ವಿಭೂತಿ ಎಳೆದು, ಒದ್ದೆ ಕುಂಕುಮ ಇಟ್ಟು, ಚೆಂಡುಹೂವಿನ ಮಾಲೆ ಹಾಕುತ್ತಿದ್ದಳು. ಮಾಲೆ ಬಾಡಿ ಒಣಗುವವರೆಗೆ ಯಾರೂ ಮುಟ್ಟುತ್ತಿರಲಿಲ್ಲ. ಹೇಳಿದಾಗ ಮೊದಲು ಸಿಟ್ಟಾದಳು, "ದೇವರಿಗೆ ಹಚ್ಚಿದ್ದಕ್ಕ ಜಂಗ ಹತ್ತತೈತೇನು?" ಈಗ ಕುಂಕುಮ ಕಟ್ಟಿಗೆಯ ಹಿಡಿಗೆ, ಮಾಲೆಯ ಕೆಳಗೆ ಎಣ್ಣೆ ಬಟ್ಟೆ. ದಶಮಿಯ ಸಂಜೆ ಬನ್ನಿ ಮುಡಿಯಲು ಮನೆಮಂದಿ ಹೊರಡುವ ಹೊತ್ತಿಗೆ ನಾನೊಬ್ಬ ಪಡಸಾಲೆಯಲ್ಲಿ ಕೂತು ನಳಿಗೆ ಒರೆಸುತ್ತಿರುತ್ತೇನೆ, ಹೊಸ್ತಿಲಲ್ಲಿ ನಿಂತು ಅವ್ವ "ಆತೇನೋ?" ಅಂತಿರುತ್ತಾಳೆ.